ಡೆನಾಲಿಯ ಹೆಸರಿನ ಜಗಳ ಶುರುವಾಗಿದ್ದು ಎಲ್ಲಿಂದ?

2025ರ ಜನವರಿ 20ರಂದು, ಎರಡನೇ ಸಲ ಅಧ್ಯಕ್ಷರಾದ ದಿನವೇ, ಡೊನಾಲ್ಡ್ ಟ್ರಂಪ್ ಅಲಾಸ್ಕಾದ ಡೆನಾಲಿ ಪರ್ವತಕ್ಕೆ ಮತ್ತೆ ‘ಮೌಂಟ್ ಮೆಕಿನ್ಲಿ’ ಎಂದು ಹೆಸರಿಡುವ ಆದೇಶಕ್ಕೆ ಸಹಿ ಹಾಕಿದರು. 2015ರಲ್ಲಷ್ಟೇ ಒಬಾಮಾ ಸರ್ಕಾರ ಅದನ್ನು ಡೆನಾಲಿ ಎಂದು ಬದಲಿಸಿತ್ತು. ಸುಮ್ನೆ ನೋಡಿದರೆ ಇದು ಇಬ್ಬರು ಅಧ್ಯಕ್ಷರ ಹಟ ಅನ್ನಿಸುತ್ತದೆ, ಅಲ್ವಾ? ಆದರೆ ಜಗಳ ನೂರು ವರ್ಷಕ್ಕಿಂತ ಹಳೆಯದು.

6,190 ಮೀಟರ್ ಎತ್ತರದ ಈ ಬೆಟ್ಟ ಉತ್ತರ ಅಮೆರಿಕದಲ್ಲೇ ಅತಿ ಎತ್ತರದ್ದು. ಅಲ್ಲಿನ ಮೂಲ ನಿವಾಸಿಗಳಾದ ಅಥಬಾಸ್ಕನ್ ಜನರಲ್ಲಿ ಕೊಯುಕಾನ್ ಭಾಷೆಯವರು ಇದನ್ನು ‘ಡೀನಾಲೀ’ ಎಂದು ಕರೆಯುತ್ತಿದ್ದರು. ‘ಎತ್ತರದ್ದು’ ಅಂತ ಅರ್ಥ. ಆಮೇಲೆ ಬಂದ ರಷ್ಯನ್ನರೂ ‘ದೊಡ್ಡ ಬೆಟ್ಟ’ ಎಂದೇ ಕರೆದರು. 1896ರಲ್ಲಿ ಚಿನ್ನ ಹುಡುಕುತ್ತಾ ಅಲ್ಲಿಗೆ ಹೋಗಿದ್ದ ವಿಲಿಯಂ ಡಿಕಿ ಎಂಬಾತ, ಆಗ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ವಿಲಿಯಂ ಮೆಕಿನ್ಲಿಯ ಹೆಸರನ್ನು ಬೆಟ್ಟಕ್ಕೆ ಇಟ್ಟ. ದೇಶದ ಹಣಕ್ಕೆ ಚಿನ್ನವೇ ಆಧಾರವಾಗಿರಬೇಕು ಎಂದು ಮೆಕಿನ್ಲಿ ಹೇಳುತ್ತಿದ್ದರು. ಚಿನ್ನ ಹುಡುಕುವವನಿಗೆ ಅಷ್ಟು ಸಾಕಾಯಿತು. ಓಹಾಯೋದ ಮೆಕಿನ್ಲಿ ಅಲಾಸ್ಕಾಕ್ಕೆ ಕಾಲಿಟ್ಟವರೇ ಅಲ್ಲ. 1901ರಲ್ಲಿ ಅವರ ಹತ್ಯೆಯಾಯಿತು. 1917ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದಾಗ ಅದಕ್ಕೂ ಅದೇ ಹೆಸರು ಬಂತು.

ಅಷ್ಟರಲ್ಲಿ ಬೆಟ್ಟ ಹತ್ತಿದವರೂ ಇದ್ದರು. 1906ರಲ್ಲಿ ಫ್ರೆಡರಿಕ್ ಕುಕ್ ತಾನು ತುದಿ ಮುಟ್ಟಿದೆ ಎಂದರು, ಅದು ಸುಳ್ಳು ಎಂದು ಆಮೇಲೆ ಗೊತ್ತಾಯಿತು. 1910ರಲ್ಲಿ ಚಿನ್ನ ಹುಡುಕುವವರ ಒಂದು ಗುಂಪು 14 ಅಡಿಯ ಮರದ ಕಂಬವನ್ನು ಹೊತ್ತುಕೊಂಡು ಹೋಗಿ ಉತ್ತರದ ಶಿಖರದ ಬಳಿ ನೆಟ್ಟು ಬಂತು. ಅವರ ಸಾಹಸ ನಿಜ, ಆದರೆ ಅದು ಎರಡು ಶಿಖರಗಳಲ್ಲಿ ಕುಳ್ಳನೆಯದು. 1913ರ ಜೂನ್ 7ರಂದು ಹಡ್ಸನ್ ಸ್ಟಕ್ ಎಂಬ ಪಾದ್ರಿಯ ತಂಡ ದಕ್ಷಿಣದ ನಿಜವಾದ ತುದಿಗೆ ಹೋಯಿತು. ಎಲ್ಲರಿಗಿಂತ ಮೊದಲು ಅಲ್ಲಿ ಕಾಲಿಟ್ಟವನು ವಾಲ್ಟರ್ ಹಾರ್ಪರ್, 20 ವರ್ಷದ ಹುಡುಗ, ತಾಯಿ ಅಥಬಾಸ್ಕನ್, ತಂದೆ ಐರ್ಲೆಂಡಿನವರು. ನನಗೆ ಈ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸುವುದು ಇದೇ. ಬೆಟ್ಟವನ್ನು ‘ಡೀನಾಲೀ’ ಎಂದು ಕರೆದ ಜನರ ಮಗನೇ ಅಲ್ಲಿ ಮೊದಲು ನಿಂತ. ಮಾರನೆಯ ವರ್ಷ ಸ್ಟಕ್ ತಮ್ಮ ಪುಸ್ತಕದಲ್ಲಿ, ಮೂಲ ಹೆಸರನ್ನು ವಾಪಸ್ ಕೊಡಿ ಎಂದು ಕೇಳಿಕೊಂಡರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾರ್ಪರ್ 1918ರ ಹಡಗು ದುರಂತದಲ್ಲಿ, ಮದುವೆಯಾದ ಕೆಲವೇ ವಾರಗಳಲ್ಲಿ ತೀರಿಕೊಂಡ.

ಎವರೆಸ್ಟ್‌ಗಿಂತ ಎಷ್ಟೋ ಚಿಕ್ಕದು, ಹಾಗಾಗಿ ಸುಲಭ ಅಂದುಕೊಳ್ಳಬೇಡಿ. ಡೆನಾಲಿ ಇರುವುದು 63 ಡಿಗ್ರಿ ಉತ್ತರದಲ್ಲಿ. ಧ್ರುವದ ಕಡೆ ಹೋದಷ್ಟೂ ಗಾಳಿಯ ಪದರದ ದಪ್ಪ ಕಡಿಮೆ, ಆದ್ದರಿಂದ ಹಿಮಾಲಯದಲ್ಲಿ ಅಷ್ಟೇ ಎತ್ತರದಲ್ಲಿ ಆಗುವುದಕ್ಕಿಂತ ಇಲ್ಲಿ ಉಸಿರಾಟದ ಕಷ್ಟ ಜಾಸ್ತಿ. ತುದಿಯ ಹತ್ತಿರದ ಹವಾಮಾನ ಯಂತ್ರ ಮೈನಸ್ 59 ಡಿಗ್ರಿಗಿಂತಲೂ ಕೆಳಗಿನ ಚಳಿಯನ್ನು ದಾಖಲಿಸಿದೆ. ಈಗ ಹೆಚ್ಚಿನವರು ಹತ್ತುವುದು ಮೇ, ಜೂನ್‌ನಲ್ಲಿ. ಟಾಲ್ಕೀಟ್ನಾ ಎಂಬ ಊರಿಂದ ಚಿಕ್ಕ ವಿಮಾನದಲ್ಲಿ ಕಹಿಲ್ಟ್ನಾ ಹಿಮನದಿಯ ಮೇಲೆ ಇಳಿದು, ಅಲ್ಲಿಂದ ಸಾಮಾನು ತುಂಬಿದ ಜಾರುಬಂಡಿ ಎಳೆದುಕೊಂಡು ನಡೆಯಬೇಕು. ಚಳಿಗಾಲದಲ್ಲಿ ಒಬ್ಬರೇ ಹತ್ತಿದವರಲ್ಲಿ ಮೊದಲಿಗರಾದ ಜಪಾನಿನ ನವೋಮಿ ಉಯೆಮುರಾ, 1984ರ ಫೆಬ್ರವರಿಯಲ್ಲಿ ತುದಿ ಮುಟ್ಟಿ ಇಳಿಯುವಾಗ ಕಾಣೆಯಾದರು. ದೇಹ ಸಿಗಲೇ ಇಲ್ಲ.

ಹೆಸರಿನ ವಿಷಯಕ್ಕೆ ಬಂದರೆ, 1975ರಲ್ಲಿ ಅಲಾಸ್ಕಾ ರಾಜ್ಯ ತನ್ನ ಮಟ್ಟಿಗೆ ಡೆನಾಲಿ ಎಂದು ಬದಲಿಸಿ, ಕೇಂದ್ರವೂ ಒಪ್ಪಲಿ ಎಂದು ಕೇಳಿತು. ಓಹಾಯೋದ ಸಂಸದ ರಾಲ್ಫ್ ರೆಗುಲಾ ಅದಕ್ಕೆ ದಶಕಗಳ ಕಾಲ ಅಡ್ಡ ನಿಂತರು. 1980ರಲ್ಲಿ ಉದ್ಯಾನದ ಹೆಸರು ಮಾತ್ರ ಡೆನಾಲಿ ಆಯಿತು. ಟ್ರಂಪ್ ಆದೇಶ ಬಂದ ಮೇಲೆ ಅಲಾಸ್ಕಾ ಶಾಸನಸಭೆ, ನಮಗೆ ಡೆನಾಲಿಯೇ ಬೇಕು ಎಂದು ನಿರ್ಣಯ ಮಾಡಿತು. ಟ್ರಂಪ್ ಆದೇಶ ಉದ್ಯಾನದ ಹೆಸರನ್ನು ಮುಟ್ಟಿಲ್ಲ, ಹಾಗಾಗಿ ಕೇಂದ್ರ ಸರ್ಕಾರದ ನಕ್ಷೆಯಲ್ಲಿ ಇವತ್ತು ಮೌಂಟ್ ಮೆಕಿನ್ಲಿ ಇರುವುದು ಡೆನಾಲಿ ರಾಷ್ಟ್ರೀಯ ಉದ್ಯಾನದೊಳಗೆ.