ಪದ ಪರಿಚಯ: ರಿಸ್ಕ್

ಹುಬ್ಬಳ್ಳಿಯಲ್ಲಿ ಗಾಡಿ ಚಾವಿ ಕೈಗೆ ತಗೊಂಡರೆ ಸಾಕು, ಮನೆಯೊಳಗಿಂದ ಒಂದು ಮಾತು ಬರುತ್ತದೆ: ‘ಸಾವಕಾಶ ಹೋಗಪಾ, ರಿಸ್ಕ್ ತಗೋಬ್ಯಾಡ.’ ರಿಸ್ಕ್ ಅಂದರೆ ಅಪಾಯ ಅಂತಲೇ ಎಲ್ಲರೂ ತಿಳಿದಿರುತ್ತೇವೆ, ಅಲ್ವಾ? ಆದರೆ ಎರಡೂ ಒಂದೇ ಅಲ್ಲ.

ಅಣ್ಣಿಗೇರಿ ಕಡೆಯ ರಸ್ತೆಯನ್ನೇ ತಗೊಳ್ಳಿ. ಮಳೆ ಬಂದು ನಿಂತಿದೆ. ಹೊಲದಿಂದ ಮೇಲೆ ಬಂದ ಟ್ರ್ಯಾಕ್ಟರ್, ಗಾಲಿಗೆ ಮೆತ್ತಿದ ಎರೆ ಮಣ್ಣನ್ನು ಡಾಂಬರಿನ ಮೇಲೆ ಉದುರಿಸುತ್ತಾ ಹೋಗಿದೆ. ಆ ಮಣ್ಣು ಅಪಾಯ. ನೀವು ಹೋದರೂ ಹೋಗದಿದ್ದರೂ ಅದು ಅಲ್ಲೇ ಬಿದ್ದಿರುತ್ತದೆ. ನೀವು ಬೈಕ್ ಹತ್ತಿ ಆ ದಾರಿ ಹಿಡಿದಾಗ ಮಾತ್ರ ರಿಸ್ಕ್ ಹುಟ್ಟುತ್ತದೆ. ಅದನ್ನು ಅಳೆಯಲು ಎರಡು ಪ್ರಶ್ನೆ ಕೇಳಬೇಕು. ಬೀಳುವ ಸಾಧ್ಯತೆ ಎಷ್ಟು? ಬಿದ್ದರೆ ಪೆಟ್ಟು ಎಷ್ಟು?

ಹೆಲ್ಮೆಟ್ ನಮ್ಮನ್ನು ಬೀಳದಂತೆ ತಡೆಯುವುದಿಲ್ಲ. ಅದರ ಕೆಲಸ ಎರಡನೇ ಪ್ರಶ್ನೆಗೆ ಸೇರಿದ್ದು. ಅದೂ ಗದ್ದದ ಕೆಳಗಿನ ಪಟ್ಟಿ ಬಿಗಿದಿದ್ದರೆ ಮಾತ್ರ. ಸುಮ್ನೆ ತಲೆ ಮೇಲೆ ಇಟ್ಟುಕೊಂಡ ಹೆಲ್ಮೆಟ್, ಬೀಳುವಾಗ ತಲೆ ಬಿಟ್ಟು ಹಾರಿಹೋಗಬಹುದು. ಸವೆದ ಟಯರ್ ಬದಲಿಸುವುದು ಮೊದಲನೇ ಪ್ರಶ್ನೆಯ ಕೆಲಸ. ಎಬಿಎಸ್ (ಆ್ಯಂಟಿ-ಲಾಕ್ ಬ್ರೇಕ್ ವ್ಯವಸ್ಥೆ) ಕೂಡ ಹಾಗೆಯೇ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಅದು ಕಡ್ಡಾಯ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಎರೆ ಮಣ್ಣಿನ ಮೇಲೆ ಇಲ್ಲದ ಹಿಡಿತವನ್ನು ಅದು ತಂದುಕೊಡಲಾರದು.

ವೇಗ ಮಾತ್ರ ಎರಡೂ ಪ್ರಶ್ನೆಗಳನ್ನು ಒಟ್ಟಿಗೆ ಏರಿಸುತ್ತದೆ. ಗಂಟೆಗೆ 36 ಕಿ.ಮೀ. ಹೋಗುವಾಗ ಒಂದು ಸೆಕೆಂಡಿಗೆ 10 ಮೀಟರ್ ಸಾಗುತ್ತೀರಿ. 72ಕ್ಕೆ ಏರಿಸಿದರೆ 20 ಮೀಟರ್. ಎಮ್ಮೆ ಕಂಡು ಬ್ರೇಕಿನ ಕಡೆ ಕೈ ಹೋಗುವಷ್ಟರಲ್ಲೇ ಅಷ್ಟು ದಾರಿ ಮುಗಿದಿರುತ್ತದೆ. ಅಲ್ಲಿಂದ ಗಾಡಿ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು.

ಇನ್ನೊಂದು ವಿಷಯ ನನಗೆ ತಡವಾಗಿ ತಿಳಿಯಿತು. ಒಮ್ಮೆ ಗದಗಿನಿಂದ ಹುಬ್ಬಳ್ಳಿಗೆ ಬರುವಾಗ ಕತ್ತಲಾಗಿತ್ತು. ಮುಂದೆ ಹೊರಟಿದ್ದ ಟ್ರೇಲರ್‌ಗೆ ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ತೀರಾ ಹತ್ತಿರ ಬಂದ ಮೇಲೆ ಕಂಡಿತು. ಬಲಕ್ಕೆ ತಿರುಗಿಸಿ ಪಾರಾದೆ. ಮನೆಗೆ ಬಂದು, ‘ಏನೂ ಆಗಲಿಲ್ಲ, ನನ್ನ ಕಂಟ್ರೋಲ್ ಚಲೋ ಐತಿ’ ಅಂದೆ. ಈಗ ಆ ಮಾತು ನೆನೆದರೆ ಹೆದರಿಕೆಯಾಗುತ್ತದೆ. ಆವತ್ತು ಎದುರಿನಿಂದ ಒಂದು ಲಾರಿ ಬಂದಿದ್ದರೂ ಮುಗಿದುಹೋಗುತ್ತಿತ್ತು. ಏನೂ ಆಗದೇ ಇದ್ದುದರಿಂದ ನನ್ನ ವೇಗ ಸರಿಯಾಗಿತ್ತು ಅಂತ ಆಗುವುದಿಲ್ಲ. ಹೆಡ್‌ಲೈಟ್ ಬೆಳಕು ಬೀಳುವಷ್ಟು ದೂರದೊಳಗೆ ಗಾಡಿ ನಿಲ್ಲಿಸಲು ಆಗದಿದ್ದರೆ, ಆ ವೇಗ ರಾತ್ರಿಗೆ ಜಾಸ್ತಿ. ಪ್ರತಿ ಸಲ ಪಾರಾದಾಗಲೂ ನಮ್ಮ ಧೈರ್ಯ ಬೆಳೆಯುತ್ತದೆ, ರಿಸ್ಕ್ ಇದ್ದಷ್ಟೇ ಇರುತ್ತದೆ.

ಆಫೀಸಿನವರು ‘ರಿಸ್ಕ್ ಮ್ಯಾನೇಜ್‌ಮೆಂಟ್’ ಅನ್ನುವುದನ್ನು ನಮ್ಮ ರೈತರು ಹೆಸರಿಡದೇ ಮಾಡಿಕೊಂಡು ಬಂದಿದ್ದಾರೆ. ಹಿಂಗಾರಿ ಜೋಳದ ಹೊಲದಲ್ಲಿ ನಡುನಡುವೆ ಹಾಕುವ ಕುಸುಬಿಯ ಅಕ್ಕಡಿ ಸಾಲು ನೋಡಿದ್ದೀರಾ? ಮಳೆ ಕೈಕೊಟ್ಟು ಜೋಳ ಸೊರಗಿದರೂ, ಬೇರು ಆಳಕ್ಕೆ ಇಳಿಸುವ ಕುಸುಬಿಯಿಂದ ಒಂದಿಷ್ಟು ಕೈಗೆ ಬರುತ್ತದೆ. ಹೊಲದ ಅಂಚಿನಲ್ಲಿ ಹಾಕಿದರೆ ಅದರ ಮುಳ್ಳಿಗೆ ದನ ಒಳಗೆ ನುಗ್ಗುವುದಿಲ್ಲ. ದನ ನುಗ್ಗುವ ಸಾಧ್ಯತೆಯೂ ಕಡಿಮೆ, ಬೆಳೆ ಹೋದರೆ ಬೀಳುವ ಪೆಟ್ಟೂ ಕಡಿಮೆ. ಇಷ್ಟು ಅಚ್ಚುಕಟ್ಟಾದ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಗೆಳೆಯನ ಸಾಲಕ್ಕೆ ಜಾಮೀನು ಹಾಕುವಾಗ ನಾವು ಮೊದಲನೇ ಪ್ರಶ್ನೆಯನ್ನಷ್ಟೇ ಕೇಳಿಕೊಳ್ಳುತ್ತೇವೆ. ‘ಅವ ಅಂಥವ ಅಲ್ಲ, ಕಟ್ಟತಾನ’ ಅನ್ನುತ್ತೇವೆ. ಇರಬಹುದು. ಆದರೆ ಅವನ ಕೈಯಲ್ಲಿ ಆಗದೇ ಹೋದರೆ ಆ ಕಂತನ್ನು ನಮ್ಮ ಮನೆ ತಡೆದುಕೊಳ್ಳುತ್ತದಾ? ಸಾಧ್ಯತೆ ಸಣ್ಣದಿದ್ದರೂ ತಡೆದುಕೊಳ್ಳಲಾಗದ ಪೆಟ್ಟಾದರೆ ಆ ರಿಸ್ಕ್ ದೊಡ್ಡದೇ.

ಹಾಗಂತ ಯಾವ ರಿಸ್ಕೂ ಬೇಡ ಅಂದರೆ ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಬೇಕಾಗುತ್ತದೆ. ನನಗೆ ಅದು ಬೇಕಿಲ್ಲ. ಗದಗಿಗೆ ಈಗಲೂ ಬೈಕಿನಲ್ಲೇ ಹೋಗುತ್ತೇನೆ, ಆದರೆ ಸಂಜೆ ನಾಲ್ಕಕ್ಕೆಲ್ಲ ಅಲ್ಲಿಂದ ಹೊರಡುತ್ತೇನೆ. ಜೋರು ಮಳೆಯ ದಿನ ಧಾರವಾಡಕ್ಕೆ ಹೋಗಬೇಕಾದರೆ ಗಾಡಿ ಬಿಟ್ಟು ಚಿಗರಿ ಬಸ್ ಹತ್ತುತ್ತೇನೆ.