ವೃಷಭ ರಾಶಿಯಲ್ಲಿ ಯಾವುದು ಯಾವ ನಕ್ಷತ್ರ? (ಸಪ್ತರ್ಷಿ ಅಲ್ಲಿಲ್ಲ)

ಪ್ರಶ್ನೆ: ವೃಷಭ ರಾಶಿಯ ನಕ್ಷತ್ರಗಳನ್ನು ಬರಿಗಣ್ಣಿನಿಂದ ಗುರುತಿಸುವುದು ಹೇಗೆ? ಅಲ್ಲಿ ಗೊಂಚಲಿನಂತೆ ಕಾಣುವುದು ಸಪ್ತರ್ಷಿ ಮಂಡಲವೇ?

ಪ್ರತಿ ವರ್ಷ ಅಡಿಕೆ ಅಂಗಳದಲ್ಲಿ ಹರಡಿಕೊಳ್ಳುವ ಹೊತ್ತಿಗೆ ಈ ಪ್ರಶ್ನೆಯೂ ಬಂದು ಕುಳಿತುಕೊಳ್ಳುತ್ತದೆ. ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಒಬ್ಬರು ಕೇಳುತ್ತಾರೆ, ಮುಳ್ಳೇರಿಯದಿಂದ ಇನ್ನೊಬ್ಬರು. ಮೊದಲ ಅರ್ಧಕ್ಕೆ ಉತ್ತರ ಚಿಕ್ಕದು, ಬೇಗ ಹೇಳಿಬಿಡುತ್ತೇನೆ.

ಜನವರಿ ಕೊನೆಯ ವಾರ ರಾತ್ರಿ ಎಂಟು ಗಂಟೆಗೆ, ಅಡಿಕೆ ಹರಡದ ಮೂಲೆಯೊಂದು ಸಿಕ್ಕಿದರೆ, ಅಲ್ಲಿ ಚಾಪೆ ಹಾಸಿ ಅಂಗಾತ ಮಲಗಿ. ವೃಷಭ ನೆತ್ತಿಯ ಮೇಲೆಯೇ ಇರುತ್ತದೆ. ಪೂರ್ವದ ಕಡೆ ಮಹಾವ್ಯಾಧನ (ಓರಿಯನ್ ನಕ್ಷತ್ರಪುಂಜ) ಸೊಂಟದ ಮೂರು ನಕ್ಷತ್ರಗಳ ಸಾಲನ್ನು ವಾಯವ್ಯಕ್ಕೆ ಎಳೆಯಿರಿ. ಮೊದಲು ಸಿಗುವ ಕೆಂಚು ನಕ್ಷತ್ರ ರೋಹಿಣಿ, ಹೋರಿಯ ಕಣ್ಣು. ಅದರ ಪಕ್ಕ 'ವಿ' ಅಕ್ಷರದಂತೆ ಚೆದುರಿದ ಸಣ್ಣ ನಕ್ಷತ್ರಗಳು ಹಯಾಡಿಸ್ ಗುಚ್ಛ, ಹೋರಿಯ ಮುಖ. ರೋಹಿಣಿ ಈ ಗುಚ್ಛಕ್ಕೆ ಸೇರಿದ್ದಲ್ಲ. ಅದು 65 ಜ್ಯೋತಿರ್ವರ್ಷ ದೂರದಲ್ಲಿದೆ, ಗುಚ್ಛ ಸುಮಾರು 150ರಲ್ಲಿ. ತೋಟದ ಅಂಚಿನ ದೀಪವೂ ಗುಡ್ಡದ ಮೇಲಿನ ಮನೆಯ ದೀಪವೂ ಒಂದೇ ಸಾಲಿನಲ್ಲಿ ಕಂಡ ಹಾಗೆ. ಎರಡು ಕೊಂಬುಗಳ ತುದಿಗೆ ಒಂದೊಂದು ನಕ್ಷತ್ರ. ಉತ್ತರದ್ದರ ಹೆಸರು ಅಗ್ನಿ. ದಕ್ಷಿಣದ ಕೊಂಬಿನ ಬಳಿ, 1054ರಲ್ಲಿ ಚೀನೀಯರು ಹಗಲಿನಲ್ಲೂ ಕಂಡ ಸ್ಫೋಟದ ಅವಶೇಷವಾದ ಏಡಿ ನೀಹಾರಿಕೆ ಇದೆ, ಆದರೆ ಅದಕ್ಕೆ ದೂರದರ್ಶಕ ಬೇಕು. ರೋಹಿಣಿಯನ್ನು ದಾಟಿ ಅದೇ ದಾರಿಯಲ್ಲಿ ಮುಂದೆ ಹೋದರೆ ಸಿಗುವ ಗೊಂಚಲು ಕೃತ್ತಿಕೆ.

ಈಗ ಎರಡನೆಯ ಅರ್ಧ. ಅಲ್ಲ, ಕೃತ್ತಿಕೆ ಸಪ್ತರ್ಷಿ ಅಲ್ಲ. ಕಳೆದ ವರ್ಷವೂ ಅಲ್ಲವಾಗಿತ್ತು.

ತಪ್ಪು ಎಲ್ಲಿಂದ ಬಂತೆಂದು ನನಗೆ ಗೊತ್ತು. ಪುಸ್ತಕದಲ್ಲಿ ಸಪ್ತರ್ಷಿಯ ಚಿತ್ರ ಹೆಬ್ಬೆರಳಿನಷ್ಟು. ಆ ಅಳತೆಯ ಸೌಟನ್ನೇ ಆಕಾಶದಲ್ಲಿ ಹುಡುಕಿದವರಿಗೆ ಕೃತ್ತಿಕೆ ಕಾಣುತ್ತದೆ, ಏಕೆಂದರೆ ಅದಕ್ಕೂ ಪುಟ್ಟ ಸೌಟಿನ ಆಕಾರವಿದೆ. ತೋಳು ಚಾಚಿ ಹೆಬ್ಬೆರಳು ಎತ್ತಿ: ಕೃತ್ತಿಕೆ ಅದರ ಹಿಂದೆ ಅಡಗಿಹೋಗುತ್ತದೆ. ಸಪ್ತರ್ಷಿಯನ್ನು ಮುಚ್ಚಲು ಅದೇ ಕೈಯಲ್ಲಿ ಪೂರ್ತಿ ಒಂದು ಗೇಣು ಬೇಕು, ಸುಮಾರು 25 ಡಿಗ್ರಿ.

ಅಳತೆ ಬೇಡವೆಂದರೆ ಜಾಗ ನೋಡಿ. ಕಾಸರಗೋಡಿನ ಅಕ್ಷಾಂಶ 12.5 ಡಿಗ್ರಿ. ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ ಅಷ್ಟೇ ಎತ್ತರದಲ್ಲಿ, ನೆರೆಮನೆಯ ತೆಂಗಿನ ಮರೆಯಲ್ಲಿ ಇರುತ್ತದೆ. ಅದನ್ನು ಸುತ್ತುವ ಸಪ್ತರ್ಷಿ ನಮ್ಮ ನೆತ್ತಿಗೆ ಎಂದೂ ಬರುವುದಿಲ್ಲ. ಡಿಸೆಂಬರ್ ಸಂಜೆ ಅದು ಹುಟ್ಟಿಯೇ ಇರುವುದಿಲ್ಲ. ಏಳೂ ಮಂದಿ ಮೇಲೇರುವಾಗ ನಡುರಾತ್ರಿ ದಾಟಿರುತ್ತದೆ. ಊಟದ ಹೊತ್ತಿಗೆ ನೋಡಬೇಕೆಂದರೆ ಏಪ್ರಿಲ್ ಬರಬೇಕು.

ಪುರಾಣದ ಮಾತಾದರೂ ಕೇಳುತ್ತೀರಾ? ಏಳು ಋಷಿಗಳ ಪತ್ನಿಯರಲ್ಲಿ ಆರು ಮಂದಿ ದೂರವಾಗಿ ಕೃತ್ತಿಕೆಯರಾದರು, ಷಣ್ಮುಖನಿಗೆ ಹಾಲೂಡಿದರು. ಅರುಂಧತಿ ಮಾತ್ರ ವಸಿಷ್ಠರ ಬಳಿ ಉಳಿದಳು. ಹೆಂಡಂದಿರು ಇತ್ತ, ಗಂಡಂದಿರು ಅತ್ತ. ಕಥೆಯೇ ಬೇರೆ ಮಾಡಿಟ್ಟದ್ದನ್ನು ನೀವು ಒಂದು ಮಾಡುತ್ತೀರಿ. ಮದುವೆಯಲ್ಲಿ ನಡುಹಗಲಿಗೆ ಪುರೋಹಿತರು ತೋರಿಸಿದ ಅರುಂಧತಿಯನ್ನು "ಕಂಡೆ" ಎಂದು ತಲೆಯಾಡಿಸಿದವರು, ಒಮ್ಮೆ ರಾತ್ರಿಯೂ ನೋಡಬಹುದಲ್ಲ.

ಆರು ಎಂಬ ಲೆಕ್ಕವೂ ಸುಮ್ಮನೆ ಬಂದದ್ದಲ್ಲ. ಹೆಚ್ಚಿನ ಕಣ್ಣುಗಳಿಗೆ ಕಾಣುವುದು ಆರೇ. ಶಾಲೆಯ ಟೆರೇಸಿನಲ್ಲಿ ಹುಡುಗನೊಬ್ಬ ಏಳು ಎಣಿಸಿದೆನೆಂದ. ಒಂದೊಂದಾಗಿ ತೋರಿಸು ಎಂದೆ. ಆರರ ಮೇಲೆ ಬೆರಳು ನಿಂತಿತು. "ಏಳನೆಯದು ಪುಸ್ತಕದಲ್ಲಿ ಇದೆ ಸರ್" ಎಂದ. ಅವನಿಗೆ ಪೂರ್ಣಾಂಕ ಕೊಟ್ಟೆ. ಗೆಲಿಲಿಯೊ 1610ರಲ್ಲಿ ದೂರದರ್ಶಕದಿಂದ ನೋಡಿ 36 ನಕ್ಷತ್ರಗಳನ್ನು ಗುರುತು ಹಾಕಿದ. ನಿಜಕ್ಕೂ ಅಲ್ಲಿ ಸಾವಿರಕ್ಕೂ ಹೆಚ್ಚು ಇವೆ, ಸುಮಾರು 440 ಜ್ಯೋತಿರ್ವರ್ಷ ಆಚೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಮೇ ತಿಂಗಳ ಮಳೆಗೆ ಕೃತ್ತಿಕೆಯ ಹೆಸರಿದೆಯಲ್ಲ, ಆಗ ಕೃತ್ತಿಕೆ ಎಲ್ಲಿರುತ್ತದೆ? ಸೂರ್ಯನ ಹಿಂದೆಯೇ. ಸೂರ್ಯ ಯಾವ ನಕ್ಷತ್ರದಲ್ಲಿ ನಿಂತಿರುತ್ತಾನೋ ಆ ಹೆಸರು ಮಳೆಗೆ. ಹಾಗಾಗಿ ಯಾವ ಮಳೆಯ ನಕ್ಷತ್ರವನ್ನೂ ಆ ಮಳೆಯ ದಿನಗಳಲ್ಲಿ ಹುಡುಕಿ ಫಲವಿಲ್ಲ. ಜೂನ್ ತಿಂಗಳಲ್ಲಿ ಕೃತ್ತಿಕೆ ನಸುಕಿನ ಪೂರ್ವದಲ್ಲಿ ಮತ್ತೆ ತಲೆಯೆತ್ತುವಾಗ ನಮ್ಮ ಕಡೆ ಆಕಾಶವೇ ಮುಚ್ಚಿರುತ್ತದೆ. ಅಕ್ಟೋಬರಿನಲ್ಲಿ ಗುಡುಗು ಮಳೆ ಬಿಟ್ಟ ರಾತ್ರಿಯೊಂದರ ತನಕ ಕಾಯಿರಿ.