ಹೊರಳುವ ಕೂಸಿಗೆ ಬರೀ ಹಾಸಿಗೆಯೇ ಹಿತ

ಎರಡು ತಿಂಗಳ ಕೂಸು ಮಲಗಿಸಿದಲ್ಲೇ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಬೋರಲು ಬೀಳುತ್ತದೆ. ಆಮೇಲೆ ಕೂರುತ್ತದೆ, ಅಂಬೆಗಾಲಿಡುತ್ತದೆ, ಒಂಬತ್ತು-ಹತ್ತು ತಿಂಗಳಿಗೆ ಕಂಬಿ ಹಿಡಿದು ಎದ್ದು ನಿಲ್ಲುತ್ತದೆ. ಆದರೆ ಕ್ರಿಬ್, ಅಂದರೆ ಸುತ್ತ ಕಂಬಿಯಿರುವ ಮಗುವಿನ ಮಂಚ, ಮಾತ್ರ ನಾವು ಮೊದಲ ದಿನ ಜೋಡಿಸಿದ ಹಾಗೇ ಉಳಿದಿರುತ್ತದೆ. ಅಪಾಯ ಶುರುವಾಗೋದು ಇಲ್ಲೇ.

ಖಾಲಿ ಹಾಸಿಗೆಯಲ್ಲಿ ಮಗು ಮಲಗಿದ್ದರೆ ದೊಡ್ಡವರಿಗೆ ಕರುಳು ಚುರುಕ್ ಅನ್ನುತ್ತದೆ. ಪಾಪ, ಒಂದು ದಿಂಬೂ ಇಲ್ಲವಲ್ಲ! ಸರಿ, ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು, ಬೆಚ್ಚಗಿರಲಿ ಅಂತ ಕೌದಿ, ಕಂಬಿ ತಾಗದಿರಲಿ ಅಂತ ಸುತ್ತ ಸ್ಪಂಜಿನ ಬಂಪರ್, ಜೊತೆಗೊಂದು ಬೊಂಬೆ. ಎಲ್ಲವೂ ಪ್ರೀತಿಯಿಂದಲೇ ಬಂದವು. ಆದರೆ ಹೊರಳಿದ ಮಗುವಿನ ಮೂಗು ಮೆತ್ತನೆಯ ಬಟ್ಟೆಗೆ ಒತ್ತಿಕೊಂಡರೆ ಬಿಟ್ಟ ಉಸಿರು ಅದರ ಮಡಿಕೆಯಲ್ಲೇ ನಿಲ್ಲುತ್ತದೆ. ಮಗು ಅದೇ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಏರುತ್ತದೆ, ಆಮ್ಲಜನಕ ಇಳಿಯುತ್ತದೆ. ನಮಗಾದರೆ ತಕ್ಷಣ ಎಚ್ಚರವಾಗುತ್ತದೆ, ಮುಖ ತಿರುಗಿಸುತ್ತೇವೆ. ಎಳೆ ಮಿದುಳಿಗೆ ಆ ಎಚ್ಚರ ಇನ್ನೂ ಪೂರ್ತಿ ಬಂದಿರುವುದಿಲ್ಲ. ಅಳು ಕೂಡ ಕೇಳಿಸದೆ ಅನಾಹುತ ಆಗಿಬಿಡಬಹುದು. ಅದಕ್ಕೇ ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಆ ಹಾಸಿಗೆಗೆ ಬಿಗಿಯಾಗಿ ಹಾಸಿದ ಒಂದು ಬಟ್ಟೆ, ಅಷ್ಟೇ ಸಾಕು. ಕುಲಾವಿಯೂ ಬೇಡ, ಮಗುವಿನ ಮೈಬಿಸಿ ತಲೆಯಿಂದ ಜಾಸ್ತಿ ಹೊರಹೋಗುತ್ತದೆ, ತಲೆ ಮುಚ್ಚಿದರೆ ಸೆಕೆ ಏರುತ್ತದೆ. ಸೆಕೆ ಆಗಿದೆಯಾ ಅಂತ ತಿಳಿಯಲು ಅಂಗೈ ಮುಟ್ಟಬೇಡಿ, ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ.

ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ನೆತ್ತಿಗೆ ಹತ್ತುತ್ತದೆ ಅನ್ನುವ ಭಯ ನಮ್ಮಲ್ಲಿ ತುಂಬಾ ಇದೆ. ನಿಜ ಅಂದರೆ, ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಮೇಲೆ ಬಂದ ಹಾಲು ತನ್ನ ಭಾರಕ್ಕೇ ಅನ್ನನಾಳಕ್ಕೆ ಇಳಿಯುತ್ತದೆ. ಬೋರಲು ಮಲಗಿದಾಗ ಇದು ತಿರುಗುಮುರುಗು. ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಬೋರಲು ಮಲಗಿಸಬೇಡಿ ಎಂದಿತು. 1994ರಲ್ಲಿ ದೊಡ್ಡ ಪ್ರಚಾರವೇ ನಡೆಯಿತು. ಮುಂದಿನ ಕೆಲವು ವರ್ಷಗಳಲ್ಲಿ ಅಲ್ಲಿ ನಿದ್ದೆಯಲ್ಲೇ ಆಗುವ ಹಠಾತ್ ಶಿಶುಮರಣ ಸುಮಾರು ಅರ್ಧಕ್ಕೆ ಇಳಿಯಿತು. ಹಾಗಾದರೆ ಮಗು ತಾನಾಗೇ ಮಗುಚಿಕೊಂಡರೆ? ಮಲಗಿಸುವಾಗ ಅಂಗಾತ ಮಲಗಿಸಿ. ಎರಡೂ ಕಡೆಗೆ ಸಲೀಸಾಗಿ ಹೊರಳುವ ಮಗುವನ್ನು ರಾತ್ರಿಯೆಲ್ಲ ತಿರುಗಿಸುತ್ತಾ ಕೂರಬೇಕಿಲ್ಲ. ಆದರೆ ಹೊರಳಲು ಯತ್ನಿಸುವ ಸುಳಿವು ಕಂಡ ದಿನವೇ ಬಟ್ಟೆಯಲ್ಲಿ ಸುತ್ತಿ ಮಲಗಿಸುವುದನ್ನು ನಿಲ್ಲಿಸಿ. ಬೋರಲು ಬಿದ್ದಾಗ ತಲೆ ಎತ್ತಲು ಕೈ ಬೇಕೇ ಬೇಕು.

ಸೀರೆ ಜೋಲಿಯ ಬಗ್ಗೆ ಹೇಳಿದರೆ ಅಜ್ಜಿಯಂದಿರಿಗೆ ಬೇಜಾರಾಗಬಹುದು, ಆದರೂ ಹೇಳಲೇಬೇಕು. ಜೋಲಿಯಲ್ಲಿ ಬೆನ್ನು ಬಾಗಿ ಗಲ್ಲ ಎದೆಗೆ ತಾಗುತ್ತದೆ. ಮಗುವಿನ ಶ್ವಾಸನಾಳ ಮೃದು, ಕಿರಿದು. ಬಾಗಿದರೆ ಗಾಳಿಯ ದಾರಿ ಇಕ್ಕಟ್ಟಾಗುತ್ತದೆ. ಹೊರಳುವ ಮಗುವಾದರೆ ಬಟ್ಟೆ ಸುತ್ತಿಕೊಳ್ಳುವ, ಕೆಳಗೆ ಬೀಳುವ ಭಯ ಬೇರೆ.

ಕ್ರಿಬ್‌ನ ಕಂಬಿಗಳ ನಡುವಿನ ಸಂದು 6 ಸೆಂಟಿಮೀಟರ್ ಮೀರಬಾರದು. ಅಗಲವಾದ ಸಂದಿನಲ್ಲಿ ಮೊದಲು ಕಾಲು, ಆಮೇಲೆ ಮೈ ಜಾರಿ ಹೋಗುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಬಡಗಿಯ ಹತ್ತಿರ ಮಾಡಿಸುವವರು ಟೇಪು ಹಿಡಿದು ಅಳೆಯಿರಿ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರುವಂತಿದ್ದರೆ ಆ ಹಾಸಿಗೆ ಚಿಕ್ಕದಾಯಿತು. ಒಂದು ಪಕ್ಕ ಕೆಳಕ್ಕೆ ಜಾರುವ ಕ್ರಿಬ್‌ಗಳನ್ನು ಅಮೆರಿಕ 2011ರಲ್ಲೇ ನಿಷೇಧಿಸಿದೆ. ಯಾರೋ ಕೊಟ್ಟ ಹಳೆಯದನ್ನು ಬಳಸುವಾಗ ಇದು ನೆನಪಿರಲಿ.

ಪುಟ್ಟ ಮಗುವಿನ ಉದ್ದದಲ್ಲಿ ಸುಮಾರು ಕಾಲುಭಾಗ ತಲೆಯೇ. ಹೀಗಾಗಿ ಕಂಬಿಯ ಮೇಲೆ ಬಗ್ಗಿದರೆ ಮೈಭಾರ ಮುಂದಕ್ಕೆ ಎಳೆದು ತಲೆಕೆಳಗಾಗಿ ಬೀಳುತ್ತದೆ. ಆದ್ದರಿಂದ ಮಗು ಕೂರಲು ಕಲಿತಾಗ ಹಾಸಿಗೆಯನ್ನು ಒಂದು ಹಂತ ಇಳಿಸಿ, ಎದ್ದು ನಿಲ್ಲುವ ಮೊದಲೇ ತೀರಾ ಕೆಳಕ್ಕೆ ಇಳಿಸಿಬಿಡಿ. ದೊಡ್ಡ ಬೊಂಬೆ ಇದ್ದರೆ ಹತ್ತಲು ಅದೇ ಮೆಟ್ಟಿಲು. ಮಗು ಸುಮಾರು 89 ಸೆಂಟಿಮೀಟರ್ ಬೆಳೆದ ಮೇಲೆ ಕ್ರಿಬ್‌ನ ಕೆಲಸ ಮುಗಿಯಿತು.

ಎದ್ದು ನಿಲ್ಲಲು ಕಲಿಯುವ ವಯಸ್ಸಿನಲ್ಲಿ, ಅಲ್ಲಿವರೆಗೆ ಚೆನ್ನಾಗಿ ಮಲಗುತ್ತಿದ್ದ ಮಗುವೂ ನಡುರಾತ್ರಿ ಎದ್ದು, ಕಂಬಿ ಹಿಡಿದು ನಿಂತು ಅಳುತ್ತದೆ. ಹಸಿವೂ ಅಲ್ಲ, ಹಠವೂ ಅಲ್ಲ. ನಿಲ್ಲೋದು ಬಂದಿದೆ, ಕೂರೋದು ಇನ್ನೂ ಬಂದಿಲ್ಲ, ಅಷ್ಟೇ. ಹಗಲು ಹೊತ್ತು ಮಂಚ ಹಿಡಿದು ನಿಂತಾಗ ಮೆಲ್ಲಗೆ ಮೊಣಕಾಲು ಮಡಿಸಿ ಕೂರಿಸಿ, ಮತ್ತೆ ಏಳಲು ಬಿಡಿ. ಆಟದಂತೆ ಮಾಡುತ್ತಿದ್ದರೆ ರಾತ್ರಿಯೂ ತಾನೇ ಕೂತು ಮಲಗಿಕೊಳ್ಳುವುದನ್ನು ಕಲಿಯುತ್ತದೆ.